ಮೆಲ್ಲಗೆ ಬಿದ್ದ ಪೆಟ್ಟು

ಇಂದ್ರಾಬಾಯಿ ಭಟ್ಟಿಯ ಹತ್ತಿರ ಬಂದು ನಿಂತಳೆಂದರೆ ಅಮಾತೆಪ್ಪನ ಕಣ್ಣು ಕಾಲಿಂದ ನಡೆಸುವ ತನ್ನ ಹ್ಯಾಮರ್ ಯಂತ್ರದ ಮೇಲೆ ನಿಲ್ಲುತ್ತಿರಲಿಲ್ಲ. ಬಾಗಲಕೋಟೆಯ ಆ ಕಾರ್ಖಾನೆಯಲ್ಲಿ ವರ್ಷಾನುಗಟ್ಟಲೆ ಕಾದ ಕಬ್ಬಿಣ ಬಡಿದವನು ಅವನು. ಅವಳು ೧೯೮೨ರ ದೀಪಾವಳಿ ಮುಗಿಸಿಕೊಂಡು ಬೆಳಗಾವಿಯಿಂದ ಬಂದ ಅಚ್ಚುಗಳ ಡಿಸೈನರು.

ಟ್ರ್ಯಾಕ್ಟರಿನ ಲಿವರೊಂದು ಎಲ್ಲರ ತಲೆ ತಿಂದಿತ್ತು. ಅದರ ತುದಿಗಳು ದಪ್ಪ, ನಡು ತೆಳು. ನೇರ ಸರಳನ್ನೇ ಕಾಸಿ ಅಚ್ಚಿನಲ್ಲಿಟ್ಟು ಬಡಿದರೆ ನಡುವಿನ ಕಬ್ಬಿಣ ಹೊರಗೆ ಚೆಲ್ಲಿ, ತುದಿಗಳಿಗೆ ಸಾಲುತ್ತಿರಲಿಲ್ಲ. ಅಚ್ಚಿಗೆ ಹೋಗುವ ಮೊದಲೇ ಸರಳಿಗೆ ಬೇರೊಂದು ಆಕಾರ ಕೊಡಬೇಕೆಂದು ಇಂದ್ರಾಬಾಯಿ ಹಟ ಹಿಡಿದಳು. ಕೆಂಪು ಬಿಳಿ ಮೇಣದ ಪದರಗಳಲ್ಲಿ ಮಾದರಿ ಮಾಡಿ, ಅಚ್ಚಿನಲ್ಲಿ ಒತ್ತಿ, ಕೊಯ್ದು ನೋಡಿ, ಕೊನೆಗೆ ತನ್ನ ಪ್ರಿಫಾರ್ಮ್, ಅಂದರೆ ಅಚ್ಚಿಗೆ ಮೊದಲಿನ ಆ ಆಕಾರ, ತಯಾರಿಸಿದಳು.

"ಎಲ್ಲಿ ಎಷ್ಟು ಬೇಕೋ ಮೊದಲ ಅಲ್ಲೇ ಕೂಡಿಸಿಡಬೇಕ್ರಿ. ಆಮ್ಯಾಲ ಅದು ತಾನ ಹರೀತೈತಿ," ಎಂದು ಕೊಯ್ದ ಮೇಣವನ್ನು ಅಮಾತೆಪ್ಪನ ಅಂಗೈಗಿಟ್ಟಳು.

ಒಳಗೆ ಕೆಂಪು ಬಿಳಿ ಗೆರೆಗಳು ಸುಳಿದು, ತಿರುಗಿ, ತುದಿಯಲ್ಲಿ ತುಂಬಿಕೊಂಡಿದ್ದವು. ತಾನು ಇಷ್ಟು ವರ್ಷ ಬಡಿದ ಕಬ್ಬಿಣದ ಹೊಟ್ಟೆಯಲ್ಲಿ ಇಂಥ ಚೆಂದ ನಡೆಯುತ್ತಿತ್ತೇ? ಅಮಾತೆಪ್ಪ ಮೇಣವನ್ನು ತಿರುಗಿಸಿ ತಿರುಗಿಸಿ ನೋಡಿದ.

"ಹಿಂಗ ನೋಡ್ಕೋತ ನಿಂತ್ರ ಮೇಣ ಕರಗತೈತ್ರಿ," ಎಂದು ಅವಳು ನಕ್ಕಳು.

ಕರಗುತ್ತಿರುವುದು ಮೇಣವಲ್ಲ ಎಂದುಕೊಳ್ಳುತ್ತ ಅವನು ಅದನ್ನು ಅವಳ ಕೈಗೆ ಮರಳಿಸಿದ.

ಅದೇ ಆಕಾರದ ಕಬ್ಬಿಣವನ್ನು ಅಚ್ಚಿನಲ್ಲಿ ಬಡಿದು ನೋಡುವ ಪರೀಕ್ಷೆಯ ದಿನ ಮಾಲೀಕ ಖಾಸಿಂಸಾಬ ಒಂದೇ ಮಾತು ಹೇಳಿದರು. ಇವತ್ತು ಅಚ್ಚು ತುಂಬದಿದ್ದರೆ ಹಳೇ ಪದ್ಧತಿಯೇ ಗತಿ, ಇಂದ್ರಾಬಾಯಿ ಬೆಳಗಾವಿಗೆ ವಾಪಸ್ಸು.

ಮೊದಲ ತುಂಡಿನ ಮೂಲೆಗಳು ತುಂಬಲಿಲ್ಲ. ಎರಡನೆಯದೂ ಅಷ್ಟೇ. ಇಂದ್ರಾಬಾಯಿಯ ಮುಖ ಬಾಡಿತು.

"ಸಾಕು ಬಿಡ್ರಿ ಬಾಯಾರ," ಎಂದರು ಖಾಸಿಂಸಾಬ.

ಅಮಾತೆಪ್ಪ ಹ್ಯಾಮರ್ ಬಿಟ್ಟು ಮುಂದೆ ಬಂದ. ಮೂಲೆ ತುಂಬದ ಕಾರಣ ಅವನೊಬ್ಬನಿಗೇ ಗೊತ್ತಿತ್ತು. ಅವಳು ಹಗಲೆಲ್ಲ ಕೂತು ಮಾಡಿದ ಆಕಾರ, ಎಲ್ಲಿ ಕೆಟ್ಟೀತೋ ಎಂದು ಅವನ ಕಾಲು ಹ್ಯಾಮರಿನ ಪೆಡಲನ್ನು ಅರ್ಧಕ್ಕೇ ಬಿಡುತ್ತಿತ್ತು. ಮೆಲ್ಲನೆ ಬಿದ್ದ ಪೆಟ್ಟಿಗೆ ಕಬ್ಬಿಣ ಮೂಲೆ ಮುಟ್ಟುವ ಮೊದಲೇ ಆರುತ್ತಿತ್ತು.

"ತಪ್ಪು ಆಕಾರದ್ದಲ್ರಿ ಮಾಲಕರ, ನಂದು. ನಾ ಮೆಲ್ಲಕ ಹೊಡದೇನಿ."

"ಯಾಕಲೇ? ಪಳಗಿದ ಕೈ ನಿಂದು!"

"ಅಂಜಿದೆನ್ರಿ. ಇನ್ನೊಂದು ತುಂಡು ಕಾಸಾಕ ಹೇಳ್ರಿ."

ಇಂದ್ರಾಬಾಯಿ ಸಿಟ್ಟಿನಿಂದ ಅವನತ್ತ ತಿರುಗಿದಳು. "ಪೂರಾ ಹೊಡೀರಿ. ನನ್ನ ಆಕಾರ ತಾಳತೈತಿ."

ಅಮಾತೆಪ್ಪ ಈ ಸಲ ಕಾಲು ಪೂರ್ತಿ ಊರಿದ. ನೆಲ ನಡುಗಿತು, ಕಿಡಿ ಸೂರಿನವರೆಗೆ ಹಾರಿತು. ಮೇಲಿನ ಅಚ್ಚು ಎದ್ದಾಗ ಕೆಳಗೆ ಲಿವರು ಕೆಂಡದ ಬಣ್ಣದಲ್ಲಿ ಹೊಳೆಯುತ್ತಿತ್ತು. ಮೂಲೆಗಳೆಲ್ಲ ತುಂಬಿದ್ದವು, ಕಬ್ಬಿಣ ಮಡಚಿಕೊಂಡ ಒಂದು ಗೆರೆಯೂ ಇರಲಿಲ್ಲ. ಖಾಸಿಂಸಾಬರು ಟೊಪ್ಪಿಗೆ ತೆಗೆದು ಬೆವರು ಒರೆಸಿಕೊಂಡರು. ಒಬ್ಬ ಹುಡುಗಿ ಮೇಣದಲ್ಲಿ ಕಂಡದ್ದನ್ನು ಕಬ್ಬಿಣ ಹಾಗೇ ಮಾಡಿ ತೋರಿಸಿತ್ತು.

ಎಲ್ಲರೂ ಚಹಾಕ್ಕೆ ಹೋದ ಮೇಲೆ ಅವಳು ಅವನ ಮುಂದೆ ಬಂದು ನಿಂತಳು.

"ಖರೆ ಹೇಳ್ರಿ. ಏನಂತ ಅಂಜಿದ್ರಿ?"

"ಆಕಾರ ಕೆಟ್ರ ನೀವು ಹೊಂಟು ಹೋಗ್ತೀರಂತ. ನೀವಿಲ್ಲದ ಈ ಶೆಡ್ಡಿನ್ಯಾಗ ನನಗ ನಿಂದ್ರಾಕ ಆಗೂದಿಲ್ರಿ."

ಅವಳ ಕಣ್ಣು ತುಂಬಿ ಬಂತು, ತುಟಿ ಮಾತ್ರ ನಗುತ್ತಿತ್ತು. "ಇದನ್ನ ಮೊದಲ ಹೇಳಿದ್ರ ಎರಡು ತುಂಡು ಉಳೀತಿದ್ದುವಲ್ರಿ!"

ಅವನು ಬಿದ್ದಿದ್ದ ಆ ಎರಡು ತುಂಡುಗಳನ್ನು ಬದಿಗೆ ಸರಿಸಿದ.

"ಐತವಾರ ನಮ್ಮವ್ವ ಬೆಳಗಾವಿಯಿಂದ ಬರ್ತಾಳ," ಎಂದಳು ಇಂದ್ರಾಬಾಯಿ. "ಆಕಿ ಮುಂದೂ ಹಿಂಗ ಹೇಳ್ತೀರೇನು?"

"ಹೇಳ್ತೇನಿ," ಎಂದ ಅಮಾತೆಪ್ಪ.