ನಾಲ್ಕು ದಿನದ ಧೂಳು

ಮಡ್‌ಗಾರ್ಡಿನ ಕೆಳಗೆ ಅಂಟಿಕೊಂಡಿದ್ದ ಕೆಸರು ಒಣಗಿ ಕಲ್ಲಾಗಿತ್ತು. ಮೆಣಸು ಹಳೆಯ ಟೂತ್‌ಬ್ರಷ್ ಹಿಡಿದು, ಹಲ್ಲು ಕಚ್ಚಿ ಉಜ್ಜಿದಳು. ಕೊನೆಗೂ ಕೆಂಪು ನೀರು ಸೋರಿ ಮೋರಿಗೆ ಹರಿಯಿತು. ಅಮ್ಮನ ಬೈಕು ಫಳಫಳ ಹೊಳೆಯತೊಡಗಿತು.

ಮೆಣಸು ಅನ್ನುವುದು ಅವಳ ನಿಜವಾದ ಹೆಸರಲ್ಲ. ಗಾತ್ರ ಚಿಕ್ಕದು, ಖಾರ ಜಾಸ್ತಿ ಅಂತ ಅಪ್ಪ ಇಟ್ಟದ್ದು. ಈಗ ಐದನೇ ಕ್ಲಾಸಿಗೆ ಬಂದಿದ್ದಾಳೆ. ಹೆಸರೂ ಹೋಗಿಲ್ಲ, ಖಾರವೂ ಹೋಗಿಲ್ಲ.

ಒಗೆದ ಬಟ್ಟೆ ಹರವಲು ಹೊರಗೆ ಬಂದ ಅಪ್ಪ ಬಕೆಟ್ಟು ಹಿಡಿದುಕೊಂಡೇ ನಿಂತುಬಿಟ್ಟ.

"ಏನ್ ಮಾಡಿದೆ ಮೆಣಸು?"

"ತೊಳೆದೆ. ಅಮ್ಮಂಗೆ ಸರ್‌ಪ್ರೈಸ್."

"ನಾಳೆ ಭಾನುವಾರ ಕಣೇ," ಅಂದ ಅಪ್ಪ. ಅವನ ಮುಖ ಒದ್ದೆ ಬಟ್ಟೆಯ ಹಾಗೆ ಜೋತುಬಿತ್ತು.

ಭಾನುವಾರ ಅಂದರೆ ಗ್ಯಾರೇಜು. ಅಮ್ಮನ ಬೈಕ್ ಗೆಳೆಯರೆಲ್ಲ ಬೆಳಿಗ್ಗೆ ಗ್ಯಾರೇಜ್ ತಾತನ ಶೆಡ್ಡಿನಲ್ಲಿ ಸೇರುತ್ತಾರೆ. ಟೀ ಕುಡಿಯುತ್ತಾ ಬೈಕಿನ ಮಾತಾಡಿದ್ದೇ ಮಾತಾಡಿದ್ದು. ಯಾರಾದರೂ ದೂರದ ರೈಡ್ ಮುಗಿಸಿ ಬಂದಿದ್ದರೆ ಅವರ ಬೈಕನ್ನು ಎಲ್ಲರೂ ಸೇರಿ ತೊಳೆಯುತ್ತಾರೆ. ಮೆಣಸು ತಡವಾಗಿ ಎದ್ದು ಅಪ್ಪನ ಜೊತೆ ಅಲ್ಲಿಗೆ ಹೋಗುವ ಹೊತ್ತಿಗೆ ಸೋಪಿನ ನೊರೆ ಹಾರಾಡುತ್ತಿರುತ್ತದೆ. ಅವಳು ನೋಡಿದ್ದು ಆ ನೊರೆಯನ್ನು ಮಾತ್ರ.

ತೊಳೆಯುವ ಮೊದಲು ಏನು ನಡೆಯುತ್ತದೆ ಅಂತ ಅಪ್ಪ ಈಗ ಹೇಳಿದ. ರೈಡ್ ಮುಗಿಸಿ ಬಂದವರು ಬೈಕಿಗೆ ಒಂದು ಹನಿ ನೀರೂ ತಾಗಿಸುವುದಿಲ್ಲವಂತೆ. ಎಲ್ಲರೂ ಸುತ್ತ ಕೂತು ಅದರ ಧೂಳನ್ನು ಓದುತ್ತಾರಂತೆ. ಕೆಂಪು ಮಣ್ಣು ಕಂಡರೆ ಗುಡ್ಡದ ದಾರಿ. ಬಿಳಿ ಹುಡಿ ಕಂಡರೆ ಕಲ್ಲು ಒಡೆಯುವ ಜಾಗ. ಹೆಡ್‌ಲೈಟಿಗೆ ಹುಳ ಅಂಟಿದ್ದರೆ ಸಂಜೆ ಹೊತ್ತು ಕೆರೆ ಪಕ್ಕ ಬಂದಿದ್ದಾರೆ. ಹೀಗೆ ಓದಿ, ದಾರಿಯ ಕತೆಯೆಲ್ಲ ಕೇಳಿ ಮುಗಿದ ಮೇಲೆ ತಾತ ಬಕೆಟ್ಟು ತಂದಿಡುತ್ತಾನೆ.

"ಅಮ್ಮಂದು ಇದೇ ಮೊದಲ ದೊಡ್ಡ ರೈಡು," ಅಂದ ಅಪ್ಪ. "ಆರು ವರ್ಷದಿಂದ ಬೇರೆಯವರ ಬೈಕನ್ನೇ ತೊಳೀತಿದ್ದಳು."

ಮೆಣಸು ಮೋರಿಯ ಕಡೆ ನೋಡಿದಳು. ಕೆಂಪು ನೀರು ಆಗಲೇ ಹರಿದು ಹೋಗಿತ್ತು.

ಅಮ್ಮ ಆಸ್ಪತ್ರೆಯ ಲ್ಯಾಬ್‌ನಲ್ಲಿ ಕೆಲಸ ಮಾಡುತ್ತಾಳೆ. ದಿನವಿಡೀ ಜನರ ಕೈಗೆ ಸೂಜಿ ಚುಚ್ಚಿ ರಕ್ತ ತೆಗೆಯುವ ಕೆಲಸ. ಅದಕ್ಕೇ ಗ್ಯಾರೇಜಿನಲ್ಲಿ ಅವಳು ಸೂಜಿ ಅಕ್ಕ. ನಾಲ್ಕು ದಿನ ರಜೆ ಹಾಕಿ, ಒಬ್ಬಳೇ ಸಾವಿರದ ಆರುನೂರು ಕಿಲೋಮೀಟರ್ ಸುತ್ತಿ ನಿನ್ನೆ ಬಂದಿದ್ದಳು. ಆ ನಾಲ್ಕು ದಿನವೂ ಮೆಣಸು ಮುಖ ಊದಿಸಿಕೊಂಡಿದ್ದಳು. ಅಪ್ಪ ಹೆಣೆದ ಜಡೆ ಸೊಟ್ಟ, ಅಪ್ಪ ಕಟ್ಟಿದ ಟಿಫನ್ ಬಾಕ್ಸ್ ಸಪ್ಪೆ, ಎಲ್ಲದಕ್ಕೂ ಅಮ್ಮನ ಬೈಕೇ ಕಾರಣ.

ಸಂಜೆ ಡ್ಯೂಟಿ ಮುಗಿಸಿ ಬಸ್ಸಿನಲ್ಲಿ ಬಂದ ಅಮ್ಮ ಗೇಟು ತೆಗೆದವಳು ಬೈಕು ನೋಡಿದಳು. ಟ್ಯಾಂಕಿನ ಮೇಲೆ ಕೈಯಾಡಿಸಿದಳು.

"ಚೆನ್ನಾಗಿ ತೊಳೆದಿದ್ದೀಯ," ಅಂದಳು. ಬೈದಿದ್ದರೆ ಮೆಣಸಿಗೆ ಎಷ್ಟೋ ವಾಸಿಯಿತ್ತು.

ಮರುದಿನ ಮೆಣಸು ಯಾರೂ ಎಬ್ಬಿಸದೆ ಎದ್ದಳು. ನಾನೂ ಬರ್ತೀನಿ ಅಂತ ಹಟ ಹಿಡಿದು ಬೈಕಿನ ಹಿಂದೆ ಕೂತಳು. ಹೋಗಿ ಏನು ಮಾಡುವುದು ಅಂತ ಅವಳಿಗೂ ಗೊತ್ತಿರಲಿಲ್ಲ. ಅಮ್ಮನನ್ನು ಒಬ್ಬಳೇ ಕಳಿಸಲು ಮಾತ್ರ ಮನಸ್ಸು ಬರಲಿಲ್ಲ.

ಶೆಡ್ಡಿನಲ್ಲಿ ಗ್ರೀಸಿನ ವಾಸನೆ, ಬಿಸಿ ಬನ್ನಿನ ವಾಸನೆ ಎರಡೂ ಸೇರಿಕೊಂಡಿದ್ದವು. ಬನ್ನು ತರುವುದು ಬೇಕರಿ ಮಾಮ. ಅವನ ಬೈಕಿಗೆ ಮೂವತ್ತು ವರ್ಷ. ಬೆಳಿಗ್ಗೆ ಅದರ ಜೊತೆ ಎರಡು ಒಳ್ಳೆಯ ಮಾತಾಡದೆ ಕಿಕ್ ಹೊಡೆದರೆ ಅದು ಸ್ಟಾರ್ಟ್ ಆಗುವುದೇ ಇಲ್ಲವಂತೆ. ಒಮ್ಮೆ ದೂರದ ಸಮುದ್ರದವರೆಗೆ ಹೋಗಿ, ಅಲ್ಲಿ ಕೆಟ್ಟು ನಿಂತು, ಇದರ ದೆಸೆಯಿಂದಲೇ ಮೂರು ದಿನ ಸಮುದ್ರ ನೋಡುವ ಭಾಗ್ಯ ಸಿಕ್ಕಿತು ಅಂತ ಅವನು ಹೇಳಿದ. ಇನ್ನೊಬ್ಬ ಮೀಟರ್ ಮಾಮ. ಅವನು ಊರು, ಗುಡ್ಡ, ಹೊಳೆಯ ಮಾತಾಡುವುದು ಅಪರೂಪ. ಎಷ್ಟು ಕಿಲೋಮೀಟರು, ಎಷ್ಟು ಗಂಟೆ, ಎಷ್ಟು ಪೆಟ್ರೋಲು, ಇದು ಮಾತ್ರ ಬಾಯಿಪಾಠ. ಗ್ಯಾರೇಜ್ ತಾತ ಮದುವೆಯಾದ ಹೊಸದರಲ್ಲಿ ಹೆಂಡತಿಯನ್ನು ಕೂರಿಸಿಕೊಂಡು ಮಂಜಿನಲ್ಲಿ ಘಾಟಿ ಹತ್ತಿದವನು. ಅರ್ಧ ದಾರಿಯಲ್ಲಿ ತಿರುಗಿ ನೋಡಿದರೆ ಹೆಂಡತಿಯೇ ಇಲ್ಲ. ಹಿಂದಿನ ಊರಲ್ಲಿ ಟೀ ಕುಡಿಯಲು ಇಳಿದವಳನ್ನು ಅಲ್ಲೇ ಬಿಟ್ಟು ಬಂದಿದ್ದ. ಈ ಕತೆಯನ್ನು ಅವರು ನೂರು ಸಲ ಕೇಳಿದ್ದರೂ ನೂರಾ ಒಂದನೇ ಸಲವೂ ನಕ್ಕರು.

ಆಮೇಲೆ ಎಲ್ಲರೂ ಎದ್ದು ಅಮ್ಮನ ಬೈಕಿನ ಹತ್ತಿರ ಬಂದರು. ನಗು ನಿಂತಿತು.

"ಇದೇನಕ್ಕ, ಶೋರೂಮಿಂದ ಬಂತಾ?" ಅಂದ ಮೀಟರ್ ಮಾಮ.

"ತೊಳೆದುಬಿಟ್ಟೆ. ಮರೆತೇ ಹೋಯ್ತು," ಅಂದಳು ಅಮ್ಮ.

ಆರು ವರ್ಷದಿಂದ ಇಲ್ಲಿಗೆ ಬರುವವರು ಇದನ್ನು ಮರೆಯುವುದುಂಟೇ ಅಂತ ಮೀಟರ್ ಮಾಮ ತಲೆ ಅಲ್ಲಾಡಿಸಿದ. ಮೀಟರಿನಲ್ಲಿ ಸಾವಿರದ ಆರುನೂರು ಏರಿದೆ ನಿಜ, ಆದರೆ ಊರೊಳಗೆ ಸುತ್ತಿದರೂ ಮೀಟರು ಏರುತ್ತದೆ ಅಂದ. ತಮಾಷೆಗೇ ಅಂದದ್ದು. ಆದರೂ ಅಮ್ಮನ ಕಿವಿ ಕೆಂಪಾಯಿತು.

ಮೆಣಸಿನ ಬಾಯಲ್ಲಿದ್ದ ಬನ್ನು ಒಳಗೂ ಹೋಗದೆ ಹೊರಗೂ ಬರದೆ ನಿಂತಿತು. ಅಮ್ಮ ಯಾವತ್ತೂ ಸುಳ್ಳು ಹೇಳುವವಳಲ್ಲ. ಸೂಜಿ ಚುಚ್ಚುವಾಗ ಚಿಕ್ಕ ಮಕ್ಕಳಿಗೂ ನೋವಾಗಲ್ಲ ಅನ್ನುವುದಿಲ್ಲ, ಸ್ವಲ್ಪ ನೋಯುತ್ತೆ ಅನ್ನುತ್ತಾಳೆ. ಇವತ್ತು ಅವಳು ಮೆಣಸಿಗಾಗಿ ಸುಳ್ಳು ಹೇಳಿದ್ದಳು.

"ತೊಳೆದಿದ್ದು ನಾನು," ಅಂದಳು ಮೆಣಸು.

ಎಲ್ಲರೂ ತಿರುಗಿದರು. ಬೇಕರಿ ಮಾಮ ಅವಳ ತಲೆ ಸವರಿದ. ಪಾಪ, ಅಮ್ಮಂಗೆ ಹೆಲ್ಪ್ ಮಾಡೋಣ ಅಂತ ತೊಳೆದಿದೆ ಮಗು, ಬಿಡ್ರಪ್ಪ ಅಂದ. ಮೀಟರ್ ಮಾಮನೂ ಹೌದು ಹೌದು ಅಂದ. ಹೂಂ ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಟೂತ್‌ಬ್ರಷ್ ಹಿಡಿದು ಉಜ್ಜುವಾಗ ಮನಸ್ಸಿನಲ್ಲಿ ಏನಿತ್ತು ಅಂತ ಮೆಣಸಿಗೆ ಚೆನ್ನಾಗಿ ಗೊತ್ತಿತ್ತು.

"ಹೆಲ್ಪ್ ಮಾಡೋಕಲ್ಲ," ಅಂದಳು. "ಅಮ್ಮ ಎಲ್ಲಿಗೂ ಹೋಗೇ ಇಲ್ಲ ಅನ್ನೋ ಹಾಗೆ ಕಾಣಲಿ ಅಂತ ತೊಳೆದೆ."

ಅಮ್ಮ ಅವಳನ್ನೇ ನೋಡಿದಳು. ಕೋಪದ ನೋಟವಲ್ಲ ಅದು. ಬಹಳ ಹೊತ್ತು ಹುಡುಕಿದ ರಕ್ತನಾಳ ಸಿಕ್ಕಿದಾಗ ನೋಡುತ್ತಾಳಲ್ಲ, ಹಾಗೆ ನೋಡಿದಳು. ಮೆಣಸನ್ನು ಹತ್ತಿರ ಎಳೆದುಕೊಂಡು ಭುಜದ ಮೇಲೆ ಕೈಯಿಟ್ಟಳು.

ಗ್ಯಾರೇಜ್ ತಾತ ಒಂದು ಹಳೆಯ ಟೈರಿನ ಮೇಲೆ ಕೂತ. "ಧೂಳು ಹೋದರೆ ಹೋಯ್ತು, ಬಾಯಿದೆಯಲ್ಲ. ಹೇಳಮ್ಮ."

ಅಮ್ಮ ಹೇಳತೊಡಗಿದಳು. ಮೊದಮೊದಲು ಮಾತು ತಡವರಿಸಿತು. ಮೀಟರ್ ಮಾಮನಿಗೆ ಆ ದಾರಿ ಗೊತ್ತಿತ್ತು. ಗುಡ್ಡ ಇಳಿದ ಮೇಲೆ ದೊಡ್ಡ ತಿರುವಿನಲ್ಲಿ ಒಂದು ಬಾವಿ ಇದೆಯಲ್ಲ, ಅದರ ನೀರು ಕುಡಿದಿರಾ ಅಂತ ಕೇಳಿದ. ಪರೀಕ್ಷೆ ಮಾಡುತ್ತಿದ್ದಾನೆ ಅಂತ ಮೆಣಸಿಗೂ ಗೊತ್ತಾಯಿತು.

"ಅಲ್ಲಿ ಬಾವಿ ಇಲ್ಲ. ಮುಚ್ಚಳ ಇಲ್ಲದ ನೀರಿನ ಟ್ಯಾಂಕು ಇದೆ. ಒಳಗೆ ಒಂದು ಚಪ್ಪಲಿ ತೇಲ್ತಿತ್ತು," ಅಂದಳು ಅಮ್ಮ.

ಮೀಟರ್ ಮಾಮ ಪೆಚ್ಚಾಗಿ ನಕ್ಕ. ತಾನು ಕೂತಿದ್ದ ಕುರ್ಚಿಯನ್ನು ಅಮ್ಮನ ಕಡೆ ತಳ್ಳಿ, ತಾನು ನೆಲದ ಮೇಲೆ ಕೂತ. ಆ ಶೆಡ್ಡಿನಲ್ಲಿ ಕಾಲು ಅಲ್ಲಾಡದ ಕುರ್ಚಿ ಅದೊಂದೇ.

ಮೂರನೇ ದಿನದ ರಸ್ತೆಯ ವಿಷಯ ಬಂದಾಗ ಅಮ್ಮನ ದನಿಯೇ ಬದಲಾಯಿತು. ನಲವತ್ತು ಕಿಲೋಮೀಟರ್ ಒಂದೇ ನೇರ. ಮನೆಯಿಲ್ಲ, ಮರವಿಲ್ಲ. ಅಮ್ಮನಿಗೆ ಹೆದರಿಕೆಯಾಯಿತಂತೆ. ವಾಪಸ್ ಹೋಗಿಬಿಡೋಣ ಅನ್ನಿಸಿತಂತೆ. ಬೈಕು ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ಹೆಲ್ಮೆಟ್ ತೆಗೆದಳಂತೆ. ಗಾಳಿ ಬಿಟ್ಟರೆ ಬೇರೆ ಶಬ್ದವಿಲ್ಲ. ಸುಮ್ಮನೆ ನಿಂತಿರುವಾಗ ಏಕೋ ನಗು ಬಂತಂತೆ. ಯಾರೂ ಇರಲಿಲ್ಲವಲ್ಲ, ಹೊಟ್ಟೆ ಹಿಡಿದುಕೊಂಡು ನಕ್ಕಳಂತೆ. ಹೇಳುವಾಗಲೂ ಅಮ್ಮನ ಕಣ್ಣು ಹೊಳೆಯುತ್ತಿತ್ತು. ಲ್ಯಾಬಿನಿಂದ ಬರುವ ಅಮ್ಮನಲ್ಲಿ ಈ ಮುಖವನ್ನು ಮೆಣಸು ನೋಡಿರಲಿಲ್ಲ.

"ಅಷ್ಟೊತ್ತಿಗೆ ಇವಳ ಫೋನ್ ಬಂತು," ಅಂದಳು ಅಮ್ಮ. "ಆ ಜಾಗ ಹೇಗಿದೆ ಅಂತ ಹೇಳೋಣ ಅಂದುಕೊಂಡೆ. ಯಾವಾಗ ಬರ್ತೀಯ ಅಂದಳು. ನಾಳೆ ಅಂದೆ. ಕಟ್ ಮಾಡಿಬಿಟ್ಟಳು."

ಅಮ್ಮ ದೂರುವ ಹಾಗೇನೂ ಹೇಳಲಿಲ್ಲ. ಎಲ್ಲರೂ ನಕ್ಕರು. ಮೆಣಸು ನಗಲಿಲ್ಲ. ದಿನಕ್ಕೆ ನಾಲ್ಕೈದು ಸಲ ಫೋನ್ ಮಾಡಿದ್ದಳು. ಯಾವಾಗ ಬರ್ತೀಯ ಅಂತ ಕೇಳಿದ್ದೇ ಕೇಳಿದ್ದು. ಎಲ್ಲಿದ್ದೀಯ ಅಂತ ಒಮ್ಮೆಯೂ ಕೇಳಿರಲಿಲ್ಲ. ಮೊನ್ನೆ ಬಂದ ತಕ್ಷಣ ಅಮ್ಮ ಹೆಲ್ಮೆಟ್ಟನ್ನೂ ತೆಗೆಯದೆ, ಗೊತ್ತಾ ಮೆಣಸು, ಅಂತ ಏನೋ ಶುರು ಮಾಡಿದ್ದಳು. ಹೋಮ್‌ವರ್ಕ್ ಇದೆ ಅಂತ ಮೆಣಸು ಒಳಗೆ ಹೋಗಿಬಿಟ್ಟಿದ್ದಳು. ಹೋಮ್‌ವರ್ಕ್ ಇರಲೇ ಇಲ್ಲ.

ಮಾತು ಮುಗಿದಾಗ ಬಿಸಿಲು ಶೆಡ್ಡಿನ ಒಳಗೆ ಬಂದಿತ್ತು. ತಾತ ಅಭ್ಯಾಸದಂತೆ ಬಕೆಟ್ಟು ತರಲು ಎದ್ದವನು, ತೊಳೆಯಲು ಏನೂ ಇಲ್ಲ ಅಂತ ನೆನಪಾಗಿ ಮತ್ತೆ ಕೂತ. ಎಲ್ಲರೂ ಅಮ್ಮನ ಕೈ ಕುಲುಕಿದರು.

ಮನೆಯ ದಾರಿಯಲ್ಲಿ ಮೆಣಸು ಅಮ್ಮನ ಸೊಂಟ ಹಿಡಿದು ಕೂತಿದ್ದಳು. ಮಾರ್ಕೆಟ್ ದಾಟಿದ ಮೇಲೆ ಅಮ್ಮನ ಕಿವಿಯ ಹತ್ತಿರ ಬಾಯಿ ತಂದು ಕೂಗಿದಳು.

"ಆ ನೇರ ರಸ್ತೆಯಲ್ಲಿ ಮಣ್ಣು ಯಾವ ಬಣ್ಣ ಇತ್ತು?"

ಅಮ್ಮನಿಗೆ ಕೇಳಿಸಲಿಲ್ಲ. ಬೈಕು ಪಕ್ಕಕ್ಕೆ ನಿಲ್ಲಿಸಿ, ಗ್ಲೌಸ್ ಕಳಚಿ, ಹೆಲ್ಮೆಟ್ ತೆಗೆದು ಏನೆಂದು ಕೇಳಿದಳು. ಆ ನಾಲ್ಕು ದಿನ ತನ್ನ ಒಂದೊಂದು ಫೋನ್ ಬಂದಾಗಲೂ ಅಮ್ಮ ಇಷ್ಟೆಲ್ಲ ಮಾಡಬೇಕಿತ್ತು ಅಂತ ಮೆಣಸಿಗೆ ಆಗ ಹೊಳೆಯಿತು. ಅವಳು ಮತ್ತೆ ಕೇಳಿದಳು.

ಅಮ್ಮ ಅವಳ ಮುಖ ನೋಡಿದಳು. ನೋಡನೋಡುತ್ತಲೇ ಅವಳ ಕಣ್ಣು ಗ್ಯಾರೇಜಿನಲ್ಲಿ ಹೊಳೆದ ಹಾಗೆಯೇ ಹೊಳೆಯಿತು.

"ಅದನ್ನ ಹೇಳ್ಬೇಕಾದ್ರೆ ಮೊದಲ ದಿನದಿಂದ ಹೇಳ್ಬೇಕು. ಲೇಟಾಗುತ್ತೆ."

"ಆಗ್ಲಿ," ಅಂದಳು ಮೆಣಸು.

ಅಮ್ಮ ಎಂಜಿನ್ ಆಫ್ ಮಾಡಿದಳು. ಇಬ್ಬರೂ ಫುಟ್‌ಪಾತಿನ ಅಂಚಿನಲ್ಲಿ ಕೂತರು.