ಬಾಗಿಲಿಗೆ ಕೊಟ್ಟ ಬೆನ್ನು

"ಹದಿನೆಂಟು ದಿನ! ಹಾಸಿಗೆ ಮೇಲಿನ ಪ್ಲಾಸ್ಟಿಕ್ ಕೂಡ ತೆಗೆದಿಲ್ವಂತೆ! ರೂಮನ್ನ ಯಾರಿಗೆ ಬಿಟ್ಕೊಟ್ಟು ಮತ್ತೆ ಸೂಜಿ ಚುಚ್ಕೊಳ್ಳೋಕೆ ಹೋದೆ? ಹೇಳೋ!"

ಊಟದ ಸಾಲಿನಲ್ಲಿದ್ದ ನಲವತ್ತು ಜನ ತಟ್ಟೆ ಹಿಡಿದು ನಿಂತಲ್ಲೇ ನಿಂತರು.

ಬೀದಿಯಲ್ಲಿ ಮಲಗುವವರಿಗೆ ರೂಮು ಕೊಡಿಸುವ ಕೇಂದ್ರ ಅದು. ಕೊಡಿಸುವವಳು, ಈಗ ಕೂಗಾಡುತ್ತಿದ್ದ ಅವಳೇ. ಬೈಸಿಕೊಳ್ಳುತ್ತಿದ್ದ ವೆಲ್ಡರ್ ಸೂಜಿಯ ಚಟ ಬಿಟ್ಟು ಹನ್ನೊಂದು ತಿಂಗಳಾದಾಗ, ಮೇಲಿನವರ ಹತ್ತಿರ ಜಗಳವಾಡಿ ಅವನಿಗೆ ರೂಮು ಕೊಡಿಸಿದ್ದಳು. ಅವನು ಅವಳ ಮುರಿದ ಕುರ್ಚಿಗೆ ಬೆಸುಗೆ ಹಾಕಿಕೊಟ್ಟಿದ್ದ. ಅದರಲ್ಲಿ ಕೂತಾಗಲೆಲ್ಲ ಅವಳಿಗೆ ಒಳಗೊಳಗೇ ನಗು ಬರುತ್ತಿತ್ತು...

ಇವತ್ತು ಆ ನಗುವೇ ಚೂರಿಯಾಗಿತ್ತು. 'ನನಗೇ ಮೋಸ ಮಾಡಿದನಲ್ಲ!'

ಅವನು ಎಂದಿನಂತೆ ಸಾಲಿನ ಕೊನೆಯಲ್ಲಿ, ಗೋಡೆಗೆ ಬೆನ್ನು ಹಚ್ಚಿ ನಿಂತಿದ್ದ.

"ಬಿಡಿ ಮೇಡಂ," ಮುಂದಿದ್ದ ಬೋಳುತಲೆಯವನು ಹಲ್ಲುಕಿರಿದ. "ಚರಂಡಿ ಇಲಿಗೆ ಮಂಚ ಯಾಕೆ?"

ಅಷ್ಟೇ! ವೆಲ್ಡರ್ ಅವನ ಕುತ್ತಿಗೆ ಹಿಡಿದು ಊಟದ ಕೌಂಟರಿನವರೆಗೂ ಎಳೆದೊಯ್ದು ಮುಖವನ್ನು ಅದಕ್ಕೆ ಚಚ್ಚಿದ. ಒಂದು ಸಲ. ಇನ್ನೊಂದು ಸಲ. ಮೂಗಿನ ರಕ್ತ ತಟ್ಟೆಗಳ ಮೇಲೆ ಹಾರಿತು. ಬಿಡಿಸಲು ಹೋದವರ ಕೈಯಲ್ಲಿ ಅವನ ಅಂಗಿ ಬೆನ್ನುದ್ದಕ್ಕೂ ಹರಿಯಿತು.

"ಈಗಲೇ ರೂಮು ಖಾಲಿ ಮಾಡು!" ಅವಳು ಕಿರುಚಿದಳು.

ಅವನು ಎಸೆದ ಕೀಲಿ ಅವಳ ಕಾಲ ಬಳಿ ಬಂದು ಬಿತ್ತು. ಅವನು ಎಲ್ಲರ ಮೇಲೂ ಕಣ್ಣಿಟ್ಟು, ಹಿಂದುಹಿಂದಕ್ಕೇ ಹೆಜ್ಜೆ ಹಾಕುತ್ತ ಹೊರಗೆ ಹೋದ.

ಆ ಕೀಲಿ ಎತ್ತಿಕೊಂಡು, ಅವನ ಸಾಮಾನು ತೆಗೆಸಲು ಅವಳೇ ಹೋದಳು. ರೂಮಿನ ಬಾಗಿಲು ಅರ್ಧಕ್ಕೇ ನಿಂತಿತು. ಹಿಂದೆ ಮಡಚಿದ ಗೋಣಿಚೀಲ, ಒಂದು ಕಬ್ಬಿಣದ ಸರಳು. ಬಾಗಿಲಿನ ಹೊಸ ಬಣ್ಣದ ಮೇಲೆ, ಕೂತವನ ತಲೆಯ ಎತ್ತರಕ್ಕೆ, ಜಿಡ್ಡಿನ ಕಲೆ.

"ಅವನು ಮಲಗೋದು ಅಲ್ಲೇ ಕಣಮ್ಮ," ಪಕ್ಕದ ರೂಮಿನ ಅಜ್ಜಿ ಇಣುಕಿದಳು. "ಬಾಗಿಲಿಗೆ ಬೆನ್ನು ಕೊಟ್ಟು, ಕೂತೇ ನಿದ್ದೆ. ಸೇತುವೆ ಕೆಳಗೆ ಮಲಗಿದ್ದಾಗ ಯಾರೋ ಹಿಂದಿಂದ ಬಂದು ಪೆಟ್ರೋಲ್ ಸುರಿದು ಕಡ್ಡಿ ಗೀರಿದ್ರಂತೆ. ಅವತ್ತಿಂದ ಯಾರಿಗೂ ಬೆನ್ನು ತೋರ್ಸಲ್ಲ. ನಂಗೂ ಇಲ್ಲ!"

ಅವಳು ಮಂಚದತ್ತ ತಿರುಗಿದಳು. "ಮತ್ತೆ... ಹಾಸಿಗೆ ಪ್ಲಾಸ್ಟಿಕ್?"

"ನಾನೂ ಕೇಳ್ದೆ. 'ಮೇಡಂ ಒಂದಿನ ಬರ್ತಾರೆ ಅಜ್ಜಿ, ಅವರು ಕೂರೋಕೆ ಹೊಸದಾಗೇ ಇರ್ಲಿ' ಅಂದ. ನಿನ್ನ ಬಾಯಿಗೆ ಮಣ್ಣು ಹಾಕ! ಸಾಲಲ್ಲಿ ನಿಂತು ನಾನೂ ಕೇಳಿಸ್ಕೊಂಡೆ; ಅವನ್ನ ಬೈಯೋ ಮೊದ್ಲು ಒಂದು ಮಾತು ಕೇಳಬಾರ್ದಿತ್ತೇನೇ?"

ಅವಳು ಉಗುರಿನಿಂದಲೇ ಪ್ಲಾಸ್ಟಿಕ್ ಹರಿದಳು. ಹಾಸಿಗೆಯ ಮೇಲೆ ಕುಸಿದಳು. ಆಮೇಲೆ ಎದ್ದು ಆ ಸೇತುವೆಯತ್ತ ಓಡಿದಳು.

ಸೇತುವೆಯ ಕೆಳಗೆ ಅವನು ಕಂಬಕ್ಕೆ ಒರಗಿ ಕೂತಿದ್ದ. ಮುಂದೆ ನಶೆಯ ಮಾಲು ಮಾರುವವನು ಸೂಜಿ ಚಾಚಿದ್ದ. "ತಗೋ ಗುರು, ಇವತ್ತಿಂದು ಪುಕ್ಸಟ್ಟೆ!"

ಅವಳು ಆ ಕೈಗೇ ಒದ್ದಳು. ಸೂಜಿ ಚಪ್ಪಲಿಯಡಿ ಪುಡಿಯಾಯಿತು. ಮಾರುವವನು ಅವಳ ಜುಟ್ಟು ಹಿಡಿದೆಳೆದ. ಮರುಕ್ಷಣವೇ ವೆಲ್ಡರನ ಮುಷ್ಟಿ ಅವನ ದವಡೆ ಮುರಿಯಿತು. ಹಲ್ಲು ಉಗುಳುತ್ತ ಅವನು ಓಡಿದ.

ಇಬ್ಬರೇ ಉಳಿದರು.

"ತಪ್ಪಾಯ್ತು," ಅವಳು ಬಿಕ್ಕಿದಳು. "ಎಲ್ರ ಮುಂದೆ ಅಂದೆ, ಎಲ್ರ ಮುಂದೇನೇ ಕ್ಷಮೆ ಕೇಳ್ತೀನಿ. ಆ ಬೋಳುತಲೆಯವನ ಮೂಗು ಒಡೆಯೋಕೆ ಕಾರಣ ನಾನೇ ಅಂತ ಮೇಲಿನವರಿಗೆ ಬರ್ಕೊಡ್ತೀನಿ. ರೂಮು ಹೋಗೋಕೆ ಬಿಡಲ್ಲ."

"ಹೋಗಿ ಮೇಡಂ. ಇಲಿಗೆ ಮಂಚ ಯಾಕೆ?"

"ಆ ಮಂಚದ ಮೇಲೆ ಕೂತು ಬಂದೆ ಕಣ್ರೀ! ನೀವಿಲ್ದೆ ನಂಗಾಗಲ್ಲ... ಬಾಗಿಲು ನಾನು ಕಾಯ್ತೀನಿ. ನೀವು ಮಲ್ಕೊಳ್ಳಿ. ಬರ್ತೀರಾ?"

ಅವಳು ಚಾಚಿದ ಅಂಗೈಯಲ್ಲಿದ್ದ ಕೀಲಿಯನ್ನು ಅವನು ರಕ್ತದ ಬೆರಳಲ್ಲಿ ಎತ್ತಿಕೊಂಡ.

ತಿರುಗಿದ. ಹರಿದ ಅಂಗಿಯೊಳಗೆ ಸುಟ್ಟು ಸುಕ್ಕುಗಟ್ಟಿದ ಬೆನ್ನು ಅವಳ ಕಣ್ಣೆದುರೇ ತೆರೆದಿತ್ತು. ಒಮ್ಮೆಯೂ ಹಿಂತಿರುಗಿ ನೋಡದೆ, ರೂಮಿನ ದಾರಿ ಹಿಡಿದು ನಡೆದುಬಿಟ್ಟ.