ಮಾಹಿತಿ ಕೃಪೆ: ಇರಣ್ಣ

ಆಸ್ಪತ್ರೆಯ ಮೆಟ್ಟಿಲ ಮೇಲೆಯೇ ಕಮಲಮ್ಮ ವೇಣಿಯ ಕೆನ್ನೆಗೆ ಬಾರಿಸಿದರು. ಬಾರಿಸಿದ್ದು ಅಂದರೆ ಅಂಥಿಂಥ ಬಾರಿಸಿದ್ದಲ್ಲ. ವೇಣಿಯ ಕನ್ನಡಕ ಹಾರಿ ಔಷಧಿ ಅಂಗಡಿಯ ಬಾಗಿಲಿಗೆ ಬಿತ್ತು, ಮಾದನಾಯಕನಹಳ್ಳಿ ಸ್ಟ್ಯಾಂಡಿನ ಆಟೋದವರೆಲ್ಲ ತಿರುಗಿ ನೋಡಿದರು.

"ನೀನ ಅಲ್ಲೇನು ಆ ವೇಣಿ? ನನ್ನ ಮಗ ಸತ್ತಾನೋ ಬದುಕ್ಯಾನೋ ನೋಡಾಕ ಬಂದ್ಯಾ?"

ವೇಣಿ ಕೆನ್ನೆ ಮುಟ್ಟಿಕೊಳ್ಳಲಿಲ್ಲ. ಕನ್ನಡಕ ಎತ್ತಿಕೊಂಡು ಬಂದು, "ಇನ್ನೊಂದು ಹೊಡೀರಿ ಅಮ್ಮ. ಆಮೇಲೆ ಒಳಗೆ ಬಿಡಿ," ಅಂದಳು. ಕಮಲಮ್ಮ ಕೈ ಎತ್ತಿದರು, ಆದರೆ ಹೊಡೆಯಲಾಗಲಿಲ್ಲ. ಅಲ್ಲೇ ಮೆಟ್ಟಿಲ ಮೇಲೆ ಕೂತು ಅಳತೊಡಗಿದರು.

ಇಷ್ಟಕ್ಕೂ ವೇಣಿ ಮಾಡಿದ್ದೇನು? ಒಂದು ಸಾಲು ಟೈಪ್ ಮಾಡಿದ್ದಳು.

ಕುಂದಲಹಳ್ಳಿಯ ಹುಡುಗಿ, ಈಗ ಮೂವತ್ತೆಂಟು. ಅಲ್ಲೇ ಹತ್ತಿರದ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಲೈಬ್ರೇರಿಯನ್. ಗ್ರಂಥಪಾಲಕರ ಸಂಘದಲ್ಲಿ ಎಂಜಿನಿಯರಿಂಗ್ ಕಾಲೇಜಿನವರದ್ದೇ ಒಂದು ವಿಭಾಗವಿದೆ, ಅದಕ್ಕೆ ನಾಲ್ಕು ವರ್ಷದಿಂದ ಇವಳೇ ಸಂಚಾಲಕಿ. ದೊಡ್ಡ ಪದವಿ ಅಂದುಕೊಳ್ಳಬೇಡಿ. ತೊಂಬತ್ತು ಜನಕ್ಕೆ ಮೀಟಿಂಗ್ ನೆನಪಿಸುವುದು, ಒಬ್ಬರಿಗೆ ಬೇಕಾದ ಜರ್ನಲ್ ಇನ್ನೊಬ್ಬರಿಂದ ಕೊಡಿಸುವುದು, ತಿಂಗಳಿಗೊಮ್ಮೆ ಸುತ್ತೋಲೆ ಕಳಿಸುವುದು, ಯಾರೂ ಓದಲಿಲ್ಲವೆಂದು ಸಿಟ್ಟಾಗುವುದು.

ವಿಭಾಗದ ಕಾರ್ಯದರ್ಶಿ ಇರಣ್ಣ. ರಾಣೆಬೆನ್ನೂರಿನ ಕಡೆಯವನು, ತುಮಕೂರು ರಸ್ತೆಯ ಒಂದು ಕಾಲೇಜಿನ ಲೈಬ್ರೇರಿಯನ್. ಪ್ರತಿ ಶನಿವಾರ ಪೀಣ್ಯದ ಸಂಘದ ಕಚೇರಿಯಲ್ಲಿ ಇಬ್ಬರೂ ಎದುರುಬದುರು ಕೂತು ಆ ತಿಂಗಳ ಸುತ್ತೋಲೆ ತಿದ್ದುತ್ತಿದ್ದರು. ಅವಳು ತಪ್ಪು ಹುಡುಕುವಾಗ ಕೆಳತುಟಿ ಕಚ್ಚಿಕೊಳ್ಳುವಳು. ಅವನು ಅದನ್ನೇ ನೋಡುವನು, ಸಿಕ್ಕಿಬಿದ್ದರೆ ಕಣ್ಣು ಮೇಲೆತ್ತುವನು.

"ಏನ್ರೀ ನೋಡ್ತಿದೀರಾ?"

"ಫ್ಯಾನ್ ರೀ ಮೇಡಂ. ಭಾಳ ಚಂದ ತಿರುಗ್ತದ."

"ಕರೆಂಟ್ ಹೋಗಿ ಹತ್ತು ನಿಮಿಷ ಆಯ್ತು ಇರಣ್ಣ."

ಇಷ್ಟೇ. ನಾಲ್ಕು ವರ್ಷದಲ್ಲಿ ಇದರಾಚೆ ಒಂದು ಹೆಜ್ಜೆ ಇಡಲಿಲ್ಲ ಪುಣ್ಯಾತ್ಮರು.

ಇನ್ನು ಆ ಸಾಲಿನ ವಿಷಯ. ಕೆಲವು ಕಾಲೇಜುಗಳಿಗೆ ಇನ್‌ಸ್ಪೆಕ್ಷನ್ ಬಂದರೆ ಲೈಬ್ರರಿಯಲ್ಲಿ ಲೆಕ್ಕಕ್ಕೆ ಬೇಕಾದಷ್ಟು ಪುಸ್ತಕ ಇರುವುದಿಲ್ಲ. ಆಗ ಇನ್ನೊಂದು ಕಾಲೇಜಿನಿಂದ ಲಾರಿಯಲ್ಲಿ ಪುಸ್ತಕ ಬರುತ್ತವೆ. ಆ ಕಾಲೇಜಿನ ಮೊಹರಿನ ಮೇಲೆ ಚೀಟಿ ಅಂಟಿಸಿ, ಎರಡು ದಿನ ಕಪಾಟಿನಲ್ಲಿ ಮೆರೆಸಿ, ವಾಪಸ್ ಕಳಿಸುತ್ತಾರೆ. ಲೈಬ್ರೇರಿಯನ್ನರಿಗೆಲ್ಲ ಗೊತ್ತು, ಬಾಯಿ ಬಿಟ್ಟವರಿಲ್ಲ. ಈ ಸಲ ಇರಣ್ಣನ ಕಾಲೇಜಿಗೆ ಮೂರು ಲಾರಿ ಬಂದವು. ಇನ್ನೂರು ಹೊಸ ಸೀಟೂ ಸಿಕ್ಕವು. ಸೇರಿದ ಮಕ್ಕಳು ಪುಸ್ತಕ ಕೇಳಿದರೆ ಖಾಲಿ ಕಪಾಟು. ತಡೆಯಲಾಗದೆ ಇರಣ್ಣ ಪಟ್ಟಿ ಮಾಡಿ ವೇಣಿಗೆ ಕೊಟ್ಟ. ಅವಳು ಸುತ್ತೋಲೆಯಲ್ಲಿ ಬರೆದಳು. ಅವನು ತಿದ್ದಿ ಹೋದ ಮೇಲೆ, ಕೊನೆಗೆ, ಹದಿನೈದು ವರ್ಷದಿಂದ ಪ್ರತಿ ವರದಿಗೂ ಮಾಡುವ ಹಾಗೆ, ಮಾಹಿತಿ ಎಲ್ಲಿಂದ ಬಂತೆಂದು ಸೇರಿಸಿದಳು: ಮಾಹಿತಿ ಕೃಪೆ: ಇರಣ್ಣ. ಲೈಬ್ರೇರಿಯನ್ನರಿಗೆ ಅದು ಉಸಿರಾಡಿದಷ್ಟು ಸಹಜ. ಅವನನ್ನು ಒಂದು ಮಾತು ಕೇಳಬೇಕಿತ್ತು. ಕೇಳಲಿಲ್ಲ ಮಹಾರಾಯ್ತಿ.

ಮೂರನೆಯ ದಿನ ಅವನ ಕಾಲೇಜಿನ ಆಡಳಿತಾಧಿಕಾರಿ ವಸಂತ್ ನಾಲ್ಕು ಜನರನ್ನು ಕರೆದುಕೊಂಡು ಲೈಬ್ರರಿಗೆ ನುಗ್ಗಿದ. ಇರಣ್ಣನ ತಲೆಯನ್ನು ಕಬ್ಬಿಣದ ಕಪಾಟಿಗೆ ಗುದ್ದಿದರು. ಬಿದ್ದವನನ್ನು ಎಳೆದು, ಬಲಗೈಯನ್ನು ಕೌಂಟರ್ ಮೇಲೆ ಚಾಚಿ ಹಿಡಿದು, ರಾಡಿನಿಂದ ಹೊಡೆದರು. ಒಂದಲ್ಲ, ಎರಡಲ್ಲ, ಮೂಳೆ ಚರ್ಮ ಹರಿದು ಹೊರಗೆ ಕಾಣುವವರೆಗೆ.

ಒಳಗೆ ಮಂಚದ ಮೇಲೆ ಇರಣ್ಣನ ಮುಖ ಊದಿ ಒಂದು ಕಣ್ಣು ಮುಚ್ಚಿಹೋಗಿತ್ತು. ವೇಣಿಯ ಕೆನ್ನೆಯ ಮೇಲಿನ ಐದು ಬೆರಳನ್ನು ಇನ್ನೊಂದು ಕಣ್ಣು ನೋಡಿತು.

"ನಮ್ಮವ್ವಾ?"

"ಹೂಂ. ಕೈ ಸಕ್ಕತ್ ಗಟ್ಟಿ."

ಅವನು ನಗಲು ಹೋದ, ಹೊಲಿಗೆ ಎಳೆಯಿತು.

"ಪೊಲೀಸ್ರಿಗೆ ಏನಂದ್ರಿ?" ಅವಳು ಕೇಳಿದಳು.

"ಕಪಾಟು ಬಿತ್ತು ಅಂದೆ. ಖರೇ ಹೇಳಬಾರದು ಅಂತ ಅವ್ವ ಆಣಿ ಮಾಡಿಸ್ಕೊಂಡಾಳ. ಅಕಿಗೆ ಒಬ್ಬನ ಮಗ ರೀ ನಾನು. ಮೇಡಂ, ನಾಡಿದ್ದು ಭಾನುವಾರ ಮೀಟಿಂಗಿಗೆ ವಸಂತ್ ಬರ್ತಾನ. ಇರಣ್ಣ ಕೊಟ್ಟದ್ದು ಸುಳ್ಳು ಮಾಹಿತಿ ಅಂತ ಪತ್ರ ತರ್ತಾನ. ಸಹಿ ಮಾಡಿಬಿಡ್ರಿ."

"ಹುಚ್ಚಾ? ಸುಳ್ಳುಗಾರ ಅಂತ ವಿಭಾಗವೇ ಬರೆದುಕೊಟ್ರೆ ಇನ್ಯಾವ ಲೈಬ್ರರೀಲಿ ಕೆಲಸ ಕೊಡ್ತಾರೆ ನಿಮಗೆ?"

"ಮುಂದಿನ ಪಾಳಿ ಸಂಚಾಲಕೀದು ಅಂದಾರ. ನನ್ನ ಕೈ ಮುರೀವಾಗ ಅದನ್ನ ಹೇಳಿದ್ರು. ನನ್ನ ಕೈ ಹೋತು, ಹೋಗ್ಲಿ. ನಿಮ್ಮ ಮೈಮ್ಯಾಲ ಒಂದು ಏಟು ಬಿದ್ರ ನಾನು ಬದುಕಂಗಿಲ್ಲ."

ವೇಣಿ ಕೇಳಬೇಕಾದ್ದನ್ನು ಆದರೂ ಕೇಳಿದಳು. "ಆ ಚೀಟಿಗಳ ಕೆಳಗೆ ನಮ್ಮ ಕಾಲೇಜಿನ ಮೊಹರಿತ್ತು. ಒಂದು ಲಾರಿ ನಮ್ಮದೇ. ನೀವು ನೋಡಿದ್ರಿ, ಪಟ್ಟೀಲಿ ಬರೀಲಿಲ್ಲ. ಯಾಕೆ?"

"ಹೆಂಗ ಬರೀಲಿ ರೀ?" ಅವನು ಗೋಡೆಯ ಕಡೆ ತಿರುಗಿದ. "ಮತ್ತ ನೀವು ನನ್ನ ಹೆಸರು ಯಾಕ ಹಾಕಿದ್ರಿ?"

"ರೂಢಿ," ಅಂದಳು ವೇಣಿ.

"ಅಷ್ಟ?"

ಅಷ್ಟೇ ಅಲ್ಲ ಅನ್ನಲು ಬಾಯಿ ಬರಲಿಲ್ಲ. ಅವನು ಅವಳ ಹೆಸರು ಮುಚ್ಚಿಟ್ಟಿದ್ದ, ಅವಳು ಅವನ ಹೆಸರು ಊರಿಗೆಲ್ಲ ಹಂಚಿದ್ದಳು. ಬಸ್ಸಿನಲ್ಲಿ ಪೀಣ್ಯ ದಾಟುವವರೆಗೂ ಸೆರಗು ಬಾಯಿಗಿಟ್ಟುಕೊಂಡು ಅತ್ತಳು.

ಭಾನುವಾರ ಬೆಳಿಗ್ಗೆ ಸಂಘದ ಹಾಲಿನಲ್ಲಿ ಅರವತ್ತು ಜನ ಸೇರಿದ್ದರು. ವಸಂತ್ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಮೊದಲ ಸಾಲಿನಲ್ಲಿ ಕೂತಿದ್ದ. ಅವನ ನಾಲ್ವರು ಬಾಗಿಲಲ್ಲಿ ನಿಂತಿದ್ದರು. ಪತ್ರ ಮೇಜಿನ ಮೇಲಿತ್ತು.

"ಸಹಿ ಹಾಕ್ಬಿಡಮ್ಮ," ಅಂದರು ಸಂಘದ ಅಧ್ಯಕ್ಷ ಹನುಮಂತಯ್ಯ, ಮೆಲ್ಲಗೆ. "ಎಲ್ಲರಿಗೂ ಮನೆ ಮಠ ಇದೆ."

ವೇಣಿ ಮೈಕ್ ಹಿಡಿದಳು. "ವರದಿ ತಪ್ಪು. ಒಪ್ತೀನಿ. ಪೂರ್ತಿ ಇಲ್ಲ ಅದು. ಆ ಪುಸ್ತಕಗಳಲ್ಲಿ ಒಂದು ಲಾರಿ ನಮ್ಮ ಕಾಲೇಜಿನದು. ಪ್ರಿನ್ಸಿಪಾಲ್ ಹೇಳಿದ್ರು, ನಾನೇ ನಿಂತು ಚೀಟಿ ಅಂಟಿಸಿ ಹತ್ತಿಸ್ದೆ. ಇರಣ್ಣ ಹೇಳಿದ್ದು ಒಂದೊಂದು ಅಕ್ಷರವೂ ನಿಜ. ಇಲ್ಲಿ ಕೂತಿರೋ ಅರ್ಧ ಜನ ಇದೇ ಕೆಲಸ ಮಾಡಿದೀರಿ. ಅವರೊಬ್ಬರ ಮೇಲೆ ಹಾಕ್ಬೇಡಿ."

ಬೊಮ್ಮನಹಳ್ಳಿ ಕಡೆಯ ಕಾಲೇಜಿನ ಅಂಜನಮ್ಮ ಎದ್ದು ನಿಂತು, "ನನ್ನದೂ ಬರ್ಕೊಳ್ಳಿ. ಹೋದ ವರ್ಷ ನಾನೂ ಕಳಿಸಿದೀನಿ," ಅಂದರು. ಇನ್ನಿಬ್ಬರು ಎದ್ದರು. ಉಳಿದವರು ಚಪ್ಪಲಿ ನೋಡಿಕೊಂಡರು. ಹನುಮಂತಯ್ಯ ಬ್ಯಾಗು ಎತ್ತಿಕೊಂಡು ಹಿಂಬಾಗಿಲಿಂದ ಹೋದರು.

ವಸಂತ್ ಕಣ್ಣಲ್ಲೇ ಸನ್ನೆ ಮಾಡಿದ. ಒಬ್ಬ ವೇದಿಕೆ ಹತ್ತಿ ಮೈಕ್ ಕಿತ್ತು ಅದರಿಂದಲೇ ಅವಳ ಬಾಯಿಗೆ ಹೊಡೆದ. ತುಟಿ ಸೀಳಿ ರಕ್ತ ಗದ್ದದಿಂದ ಸೀರೆಗಿಳಿಯಿತು. ಇನ್ನೊಬ್ಬ ಜಡೆ ಹಿಡಿದು ಮೇಜಿಗೆ ಅದುಮಿದ. ವಸಂತ್ ಪೆನ್ನು ತೆಗೆದು ಅವಳ ಬೆರಳಿಗೆ ತುರುಕಿದ. "ಹಾಕೇ ಸಹಿ. ಇಲ್ಲಾಂದ್ರೆ ಅವನಿಗೆ ಆದದ್ದೇ ನಿನಗೂ."

ಅಯ್ಯೋ, ಆ ಮಾತನ್ನು ಅವನು ಆಡಬಾರದಿತ್ತು. ವೇಣಿ ಪೆನ್ನನ್ನು ಅವನ ಅಂಗೈಗೆ ಚುಚ್ಚಿದಳು. ಜಡೆ ಹಿಡಿದವನ ತಲೆಯ ಮೇಲೆ ಅಂಜನಮ್ಮನ ಊಟದ ಕ್ಯಾರಿಯರ್ ಢಣ್ ಅಂತ ಬಿತ್ತು. ಬಿಡಿಸಿಕೊಂಡವಳೇ ಮಡಚುವ ಕುರ್ಚಿ ಎತ್ತಿದಳು. ಹದಿನೈದು ವರ್ಷದಿಂದ ಕೆಲಸದ ಜಾಗದಲ್ಲಿ ಅಡಗಿಸಿಟ್ಟಿದ್ದ ಊರ ಮಾತು ನಾಲಿಗೆಗೆ ಬಂದಿತ್ತು.

"ಇಂಗೇ ಏನ್ಲಾ ಒಡ್ದಿದ್ದು ಅವ್ರಿಗೆ? ಇಂಗೇನಾ?"

ಮೊದಲ ಏಟಿಗೆ ವಸಂತನ ಮೂಗು ಮುರಿಯಿತು. ಎರಡನೆಯದಕ್ಕೆ ಅವನು ಮಂಡಿಯೂರಿದ. ಮೂರನೆಯದಕ್ಕೆ ಕುರ್ಚಿ ಎತ್ತಿದಾಗ, ಯಾರೋ ಕರೆದಿದ್ದ ಪೊಲೀಸರು ಬಂದರು.

ಹೊಲಿಗೆ ಹಾಕಿಸಬೇಕೆಂದು ಕಾನ್‌ಸ್ಟೇಬಲ್ ಮಹಾಲಕ್ಷ್ಮಿ ಹೇಳಿದಾಗ ವೇಣಿ ಮಾದನಾಯಕನಹಳ್ಳಿಯ ಆ ಆಸ್ಪತ್ರೆಯೇ ಬೇಕೆಂದು ಹಟ ಹಿಡಿದಳು. ದಾರಿಯಲ್ಲಿ ಪ್ರಿನ್ಸಿಪಾಲ್ ಫೋನ್ ಬಂತು. ನಾಳೆಯಿಂದ ಕೆಲಸಕ್ಕೆ ಬರಬೇಡಿ ಅಂದರು. ಆಯ್ತು ಸಾರ್ ಅಂದಳು.

ತುಟಿಗೆ ಐದು ಹೊಲಿಗೆ ಹಾಕಿಸಿಕೊಂಡು ಒಳಗೆ ಬಂದವಳನ್ನು ನೋಡಿ ಇರಣ್ಣ ಎದ್ದು ಕೂರಲು ಹೋಗಿ ನೋವಿಗೆ ಕೂಗಿಕೊಂಡ. "ಸಹಿ ಮಾಡ್ರಿ ಅಂದಿದ್ನಲ್ರೀ! ಕೈಮುಗಿದು ಹೇಳಿದ್ನಲ್ಲ!"

"ಒಂದೇ ಕೈಯಲ್ಲಿ ಹೇಗೆ ಮುಗಿದ್ರಿ?" ಅಂದಳು. ತುಟಿ ಸರಿಯಾಗಿ ಆಡುತ್ತಿರಲಿಲ್ಲ.

"ತಮಾಷಿ ಬ್ಯಾಡ. ಯಾಕ ಮಾಡಿದ್ರಿ?"

ಕಮಲಮ್ಮ ಮೂಲೆಯಲ್ಲಿ ಕೂತಿದ್ದರು. ಬಾಗಿಲಲ್ಲಿ ಮಹಾಲಕ್ಷ್ಮಿ ನಿಂತಿದ್ದಳು. ಇಬ್ಬರೂ ಕೇಳಿದರೆ ಕೇಳಲಿ ಅನ್ನಿಸಿತು ವೇಣಿಗೆ.

"ನೀವಂದ್ರೆ ನನಗೆ ಪ್ರಾಣ, ಅದಕ್ಕೆ. ಶನಿವಾರಕ್ಕೋಸ್ಕರ ಆರು ದಿನ ಕಾಯ್ತೀನಿ ಕಣ್ರೀ. ನಿಮ್ಮ ಹೆಸರು ಹಾಕಿದ್ದು ಬರೀ ರೂಢಿಗಲ್ಲ. ನನ್ನ ಹೆಸರಿನ ಪಕ್ಕ ಅದು ಕಂಡರೆ ಸುಖ ಆಗ್ತಿತ್ತು. ಆ ಸುಖಕ್ಕೆ ನಿಮ್ಮ ಕೈ ಮುರೀತು. ಬೈಯಿರಿ, ಹೊಡೀರಿ, ಹೋಗು ಅಂತ ಮಾತ್ರ ಅನ್ನಬೇಡಿ."

ಇರಣ್ಣ ಎಡಗೈ ಚಾಚಿದ. ಅವಳು ಹಿಡಿದಳು. ಅವನ ಒಳ್ಳೆಯ ಕಣ್ಣಿನಿಂದ ನೀರು ಕಿವಿಗೆ ಹರಿಯುತ್ತಿತ್ತು. "ಹೋಗು ಅನ್ನಾಂವ ಆಗಿದ್ರ ನಾಕು ವರ್ಷ ಆ ಹಾಳು ಫ್ಯಾನ್ ಯಾಕ ನೋಡ್ತಿದ್ದೆ?" ಅಂದ. ಆಮೇಲೆ ತಾಯಿಯ ಕಡೆ ತಿರುಗಿ, "ಅವ್ವಾ, ಆಣಿ ವಾಪಸ್ ತಗೋ," ಎಂದು ಬೇಡಿಕೊಂಡ.

ಕಮಲಮ್ಮ ಎದ್ದು ಬಂದು ವೇಣಿಯ ಗದ್ದ ಹಿಡಿದೆತ್ತಿ ಹೊಲಿಗೆ ನೋಡಿದರು, ಸೆರಗಿನ ತುದಿಯಿಂದ ಒಣಗಿದ ರಕ್ತ ಒರೆಸಿದರು. ಆಮೇಲೆ ಬಾಗಿಲಿಗೆ ನಡೆದರು.

"ತಂಗಿ, ಪೆನ್ ಐತೇನು ನಿನ್ನ ಹತ್ರ?" ಎಂದು ಮಹಾಲಕ್ಷ್ಮಿಯನ್ನು ಕೇಳಿದರು. "ಯಾವ ಕಪಾಟೂ ಬಿದ್ದಿಲ್ಲವ್ವ. ನನ್ನ ಮಗನ್ನ ಹೊಡದಾರ. ನನ್ನ ಸೊಸೀನ್ನೂ ಹೊಡದಾರ. ಬರಕೋ."